ಕೀ ತೆಗೆದ ಮೇಲೂ

ಕೀಯನ್ನು ಹೊರಕ್ಕೆ ಎಳೆದು ರೊಯ್ಸ್ಟನ್ ಕಾರಿನಿಂದ ಇಳಿದ. ಕಾರು ಮಾತ್ರ ನಿಲ್ಲಲಿಲ್ಲ. ಢಗ್, ಢಗ್ಗಢಗ್, ಢಗ್ ಎಂದು ಕೆಮ್ಮುತ್ತಾ, ಬಾನೆಟ್ಟಿನಿಂದ ಹಿಂದಿನ ನಂಬರ್ ಪ್ಲೇಟಿನವರೆಗೆ ನಡುಗುತ್ತಾ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಹೆಣ ಸಾಗಿಸುವ ವ್ಯಾನಿಗೆ ಜಾಗ ಮಾಡಿಕೊಡಬೇಕೆಂದು ತೀರಿಕೊಂಡ ಮಾವನ ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಅಂಗಳದ ಮೂಲೆಗೆ ಸರಿಸಲು ಹೊರಟವನು ಅವನು. ಸ್ಟಿಯರಿಂಗಿನ ಪಕ್ಕಕ್ಕೆ ಅಂಟಿಕೊಂಡಿದ್ದ ಗೇರನ್ನು ಹುಡುಕುವುದಕ್ಕೇ ಹತ್ತು ನಿಮಿಷ ಬೇಕಾಗಿತ್ತು. ಈಗ ಕೈಯಲ್ಲಿದ್ದ ಕೀಯನ್ನೊಮ್ಮೆ, ಕಾರನ್ನೊಮ್ಮೆ ನೋಡುತ್ತಾ ಬೆಪ್ಪಾಗಿ ನಿಂತ.

ಒಳಗೆ ಶವಪೆಟ್ಟಿಗೆಯ ಸುತ್ತ ಕೂತು ಜಪಸರ ಹಿಡಿದು ತೇರ್ಸಿನ ಜಪ ಹೇಳುತ್ತಿದ್ದ ಹೆಂಗಸರ ಸ್ವರ ಮೊದಲು ಏರಿತು. ಆ ಸದ್ದಿನ ಎದುರು ಗೆಲ್ಲುವುದು ಸಾಧ್ಯವಿಲ್ಲವೆಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಎಲ್ಲರ ಕಣ್ಣೂ ಸತ್ತವನ ಹೆಂಡತಿ ಜೆರ್ಟ್ರೂಡಳ ಮೇಲೆ ಬಿತ್ತು.

ಜೆರ್ಟ್ರೂಡ್ ಜಪಸರವನ್ನು ಕುರ್ಚಿಯ ಮೇಲಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು.

"ಮಮ್ಮಿ, ನೀನು ಕೂತುಕೋ. ಯಾರಾದರೂ ನೋಡ್ತಾರೆ," ಎಂದು ಮಗಳು ರೆಶ್ಮಾ ಸೆರಗು ಎಳೆದಳು.

"ನೋಡ್ತಾರೆ, ನೋಡ್ತಾರೆ! ಇಪ್ಪತ್ತೆರಡು ವರ್ಷದಿಂದ ಇಡೀ ಊರು ನೋಡುತ್ತಾ ಉಂಟು. ನಿಲ್ಲಿಸಲಿಕ್ಕೆ ಯಾರಿಗೆ ಬರ್ತದೆ?"

ಕಪ್ಪು ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅಂಗಳಕ್ಕೆ ಇಳಿದಳು. ಅಳಿಯನಿಗೆ "ಸರಿ ಅತ್ಲಾಗೆ" ಎಂದು ಕಾರಿನೊಳಗೆ ಕೂತಳು. ಎಡಗಾಲಿನಲ್ಲಿ ಕ್ಲಚ್ ಒತ್ತಿ, ಗೇರನ್ನು ನಾಲ್ಕಕ್ಕೆ ತಳ್ಳಿ, ಬಲಗಾಲಿನಲ್ಲಿ ಬ್ರೇಕ್ ಅದುಮಿದಳು. ಆಮೇಲೆ ಎಡಗಾಲನ್ನು ಒಮ್ಮೆಲೇ ಎತ್ತಿಬಿಟ್ಟಳು. ಕಾರು ಒಂದು ಸಲ ಮುಂದಕ್ಕೆ ಕುಪ್ಪಳಿಸಿ ಸುಮ್ಮನಾಯಿತು.

"ಕೀ ತೆಗೆದಿದ್ದೇನೆ ಮಮ್ಮಿ. ಕರೆಂಟೇ ಇಲ್ಲ. ಮತ್ತೆ ಹೇಗೆ ಓಡ್ತದೆ ಇದು?" ರೊಯ್ಸ್ಟನ್ ಕೇಳಿದ. ಮಂಗಳೂರಿನಲ್ಲಿ ಅವನದ್ದು ಗೇರೇ ಇಲ್ಲದ ಕಾರು.

"ಹಠದಲ್ಲಿ ಓಡ್ತದೆ," ಎಂದಳು ಜೆರ್ಟ್ರೂಡ್.

ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಚೆನ್ನಪ್ಪ ಕಿಸಕ್ಕನೆ ನಕ್ಕು, ತಾನು ಬಂದದ್ದು ಎಲ್ಲಿಗೆಂದು ನೆನಪಾಗಿ ಬಾಯಿಗೆ ಟವೆಲು ಒತ್ತಿಕೊಂಡ. ಬೋವಿಕಾನದಲ್ಲಿ ಮೂವತ್ತು ವರ್ಷ ಬಾಡಿಗೆಗೆ ಅಂಬಾಸಿಡರ್ ಓಡಿಸಿದವನು, ಸತ್ತವನ ಜೀವದ ಗೆಳೆಯ. "ಇವತ್ತೂ ಬಿಡಲಿಲ್ಲವಲ್ಲ ಮಾರಾಯ," ಎಂದು ಪಕ್ಕದವನ ಹತ್ತಿರ ಪಿಸುಗುಟ್ಟಿದ. ಆ ಪಿಸುಗುಟ್ಟುವಿಕೆ ಬಾವಿಕಟ್ಟೆಯವರೆಗೆ ಕೇಳಿತು.

ಮೆರ್ವಿನ್ ಗಡಿಯಾರ ನೋಡುತ್ತಾ ಹತ್ತಿರ ಬಂದ. ಇವನು ಈ ವಾಡೆಯ, ಅಂದರೆ ಈ ಕೇರಿಯ ಕ್ರೈಸ್ತ ಮನೆಗಳ, ಗುರ್ಕಾರ. ಇಗರ್ಜಿಯ ಪರವಾಗಿ ಮದುವೆ, ಮರಣ ಎಲ್ಲದಕ್ಕೂ ಮುಂದೆ ನಿಲ್ಲುವವನು. ಮರಣವೂ ಹೇಳಿದ ಹೊತ್ತಿಗೇ ಬರಬೇಕೆಂಬ ಜಾತಿ.

"ಜೆರ್ಟ್ರೂಡ್ ಬಾಯಿ, ನಾಲ್ಕಕ್ಕೆ ಇಗರ್ಜಿಯಲ್ಲಿರಬೇಕು. ವ್ಯಾನ್ ಮುಳ್ಳೇರಿಯ ದಾಟಿದೆಯಂತೆ. ನಿಮಗೆ ಕಾಲುನೋವು, ಗೊತ್ತುಂಟು. ನನ್ನ ಕಾರಿನಲ್ಲಿ ಬನ್ನಿ. ಇದು ಮಾತ್ರ ಅಲ್ಲಿಗೆ ಬೇಡ."

"ಯಾಕೆ ಬೇಡ?"

"ಫಾದರ್ ಪ್ರಾರ್ಥನೆ ಶುರುಮಾಡುವಾಗ ಇದು ಢಗಢಗ ಹೇಳಿದರೆ ಜನ ನಗ್ತಾರೆ ಬಾಯಿ. ಮೆಕ್ಯಾನಿಕನ ಕಾರು ಹೇಳಿ ಮೊದಲೇ ನಗ್ತಾರೆ. ಇವತ್ತು ಸತ್ತವರ ಮರ್ಯಾದೆ ನೋಡಬೇಕಲ್ವಾ?"

ಮೆರ್ವಿನ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಜೆರ್ಟ್ರೂಡಳಿಗೆ ಮೈಯೆಲ್ಲ ಉರಿಯಿತು.

*

ಮೊನ್ನೆ ಭಾನುವಾರ ಪೂಜೆ ಮುಗಿಸಿ ಗಂಡ ಹೆಂಡತಿ ಇದೇ ಕಾರಿನಲ್ಲಿ ಮನೆಗೆ ಬಂದಿದ್ದರು. ಅಂಗಳದಲ್ಲಿ ಜೆರ್ಟ್ರೂಡ್ ಕೀ ತೆಗೆದಳು. ಕಾರು ಎಂದಿನಂತೆ ತನ್ನ ಕುಣಿತ ಶುರುಮಾಡಿತು.

"ಇವತ್ತು ಎಂತ ಕಾರಣ?" ಎಂದು ಕೇಳಿದಳು ಪಕ್ಕದಲ್ಲಿದ್ದ ಗಂಡನನ್ನು.

"ಎಥನಾಲ್ ಪೆಟ್ರೋಲು," ಎಂದ ಕಜೆತಾನ್. "ಈಗಿನ ಪೆಟ್ರೋಲು ಹಳೆಯ ಎಂಜಿನಿಗೆ ಆಗುವುದಿಲ್ಲ."

ಹೋದ ವರ್ಷ ಕಾರ್ಬನ್ ಹಿಡಿದಿತ್ತು. ಅದರ ಹಿಂದೆ ಪ್ಲಗ್ಗು ಬಿಸಿಯಾಗುತ್ತಿತ್ತು. ಅದಕ್ಕೂ ಹಿಂದೆ ರೇಡಿಯೇಟರು, ಅದಕ್ಕೂ ಹಿಂದೆ ಟೈಮಿಂಗ್. ಊರಿನವರ ಕಾರು ಬಂದರೆ ಕಜೆತಾನ್ ಉದ್ದದ ಸ್ಕ್ರೂಡ್ರೈವರನ್ನು ಎಂಜಿನಿಗೆ ಇಟ್ಟು ಅದರ ಹಿಡಿಗೆ ಕಿವಿ ಕೊಡುತ್ತಿದ್ದ. ಹುಷಾರಿಲ್ಲದ ಮಗುವಿನ ಎದೆಗೆ ಕಿವಿ ಇಡುವವರ ಹಾಗೆ ಕಣ್ಣು ಮುಚ್ಚುತ್ತಿದ್ದ. ಮತ್ತೆ ಎದ್ದು ಒಂದೇ ಮಾತು ಹೇಳುತ್ತಿದ್ದ, ಅದು ತಪ್ಪುತ್ತಿರಲಿಲ್ಲ. ಸ್ವಂತ ಕಾರಿಗೆ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಇಪ್ಪತ್ತೆರಡು ಕಾರಣ ಹೇಳಿದ್ದ.

ಇಗರ್ಜಿಯ ಎದುರು ಇಬ್ಬರೂ ಇಳಿದು ಹೊರಟ ಮೇಲೂ ಕಾರು ಹಿಂದಿನಿಂದ ಕರೆಯುತ್ತಿದ್ದರೆ ಮೆಟ್ಟಿಲ ಮೇಲಿದ್ದವರು ತಮಾಷೆ ಮಾಡುತ್ತಿದ್ದರು. "ಅದು ಬಾಯಮ್ಮನ ಹತ್ತಿರ ಕಲಿತದ್ದು, ಶುರುವಾದರೆ ನಿಲ್ಲುವುದಿಲ್ಲ," ಎಂದು ಚೆನ್ನಪ್ಪ ಹೇಳಿದ್ದು ಊರಲ್ಲೆಲ್ಲ ಹರಡಿತ್ತು. ಕಜೆತಾನನೂ ನಕ್ಕಿದ್ದ. ಹೊಸ ಗಿರಾಕಿಗಳು ಒಂದಿಬ್ಬರು "ಸ್ವಂತದ್ದೇ ಸರಿಮಾಡಲಿಕ್ಕೆ ಬರುವುದಿಲ್ಲ" ಎಂದು ಬೇರೆ ಗ್ಯಾರೇಜು ನೋಡಿಕೊಂಡರು. ಆಗಲೂ ನಕ್ಕ. ಆ ನಗು ಕಂಡರೆ ಜೆರ್ಟ್ರೂಡಳಿಗೆ ಪಿತ್ತ ನೆತ್ತಿಗೇರುತ್ತಿತ್ತು.

ಭಾನುವಾರ ಅದೇ ಆಯಿತು. ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಅಡಗಿಸಿ ಅವಳು ಬಾಗಿಲು ದಢಾರನೆ ಹಾಕಿದಳು.

"ಕಾಸರಗೋಡಿನಿಂದ ಸುಳ್ಯದವರೆಗೆ ಎಲ್ಲರ ಕಾರು ನಿಮ್ಮ ಕೈಯಲ್ಲಿ ಸರಿಯಾಯಿತು. ಮನೆಯದ್ದು ಒಂದು, ಒಂದೇ ಒಂದು, ಸರಿಮಾಡಲಿಕ್ಕೆ ನಿಮ್ಮಿಂದ ಆಗಲಿಲ್ಲ. ಎಂತ ಮೆಕ್ಯಾನಿಕ್ ಮಾರಾಯ್ರೇ ನೀವು! ನನಗೆ ನಾಚಿಕೆ ಆಗ್ತದೆ."

ಕಜೆತಾನ್ ಕನ್ನಡಕ ತೆಗೆದು ಒರೆಸಿದ. "ಇಗರ್ಜಿ ಗುಡ್ಡೆಯ ಚಡಾವು ಹತ್ತಿತಲ್ಲ ಇವತ್ತೂ? ನಿಲ್ಲಲಿಲ್ಲವಲ್ಲ?"

"ಅದು ನಾನು ಬಿಟ್ಟದ್ದಕ್ಕೆ ಹತ್ತಿತು. ನಿಮ್ಮ ಕಾರಿನ ದೊಡ್ಡಸ್ತಿಕೆ ಅಲ್ಲ."

"ಹೌದು, ಹೌದು," ಎಂದು ಅವನು ಒಳಗೆ ಹೋದ. ಚಹಾ ಕುಡಿದ. ಎದೆ ಹಿಡಿದುಕೊಂಡಂತಾಗುತ್ತದೆ ಎಂದ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ತಲೆ ಅಲ್ಲಾಡಿಸಿದರು.

ನಾಚಿಕೆ ಆಗ್ತದೆ ಎಂದದ್ದೇ ಕೊನೆಯ ಜಗಳದ ಮಾತಾಗಿ ಉಳಿಯಿತು. ಅದನ್ನು ಜೆರ್ಟ್ರೂಡ್ ಯಾರ ಹತ್ತಿರವೂ ಹೇಳಿರಲಿಲ್ಲ, ಮಗಳ ಹತ್ತಿರವೂ.

*

ವ್ಯಾನಿಗಿಂತ ಮೊದಲು ಸುಜನ್ ಬಂದ. ಹದಿನಾರು ವರ್ಷ ಕಜೆತಾನನ ಕೈಕೆಳಗೆ ದುಡಿದು, ಈಗ ಬೋವಿಕಾನದಲ್ಲಿ ಸ್ವಂತ ಗ್ಯಾರೇಜು ಇಟ್ಟವನು. ಕಾರಿಗೆ ವಯರು ಚುಚ್ಚಿ ಕಂಪ್ಯೂಟರಿನಲ್ಲಿ ರೋಗ ಓದುವ ಯಂತ್ರ ಅವನ ಹತ್ತಿರ ಉಂಟು. ಹೂವಿನ ಚಕ್ರ ಇಟ್ಟು, ಪೆಟ್ಟಿಗೆಯ ಬುಡದಲ್ಲಿ ಗುರುವಿನ ಪಾದ ಮುಟ್ಟಿ, ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಜೆರ್ಟ್ರೂಡ್ ಕಾರಿನ ಪಕ್ಕದಲ್ಲೇ ಕಾದಿದ್ದಳು.

"ಸುಜನ್, ಬಾನೆಟ್ ತೆಗಿ."

"ಈಗಲಾ ಬಾಯಮ್ಮ?"

"ಈಗಲೇ. ಇದು ಇವತ್ತು ಇಗರ್ಜಿಯ ಎದುರು ಕೀ ತೆಗೆದ ತಕ್ಷಣ ನಿಲ್ಲಬೇಕು. ಎಲ್ಲರೂ ನೋಡಬೇಕು. ಅವರನ್ನು ಮಣ್ಣಿಗೆ ಕೊಡುವ ಮೊದಲು ಒಮ್ಮೆ, ಒಂದೇ ಒಂದು ಸಲ, ಅವರ ಕಾರು ಸರಿಯಾಗಿ ನಿಲ್ಲಬೇಕು. ಆಮೇಲೆ ಗುಜರಿಗೆ ಹೋದರೂ ಅಡ್ಡಿ ಇಲ್ಲ."

ಸುಜನ್ ಸುತ್ತ ನೋಡಿದ. ಮೆರ್ವಿನ್ ದೂರದಿಂದ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ರೆಶ್ಮಾ ಓಡಿ ಬಂದು "ಮಮ್ಮಿ, ಪಪ್ಪ ಒಳಗೆ ಮಲಗಿದ್ದಾರೆ, ನೀನು ಇಲ್ಲಿ ರಿಪೇರಿ ಮಾಡಿಸ್ತೀಯಾ?" ಎಂದು ಅಳು ಕೋಪ ಎರಡೂ ಸೇರಿದ ಸ್ವರದಲ್ಲಿ ಕೇಳಿದಳು.

"ಹೌದು, ಮಾಡಿಸ್ತೇನೆ. ಅವರು ಮಾಡಲಿಲ್ಲವಲ್ಲ!"

ಸುಜನ್ ಬಾನೆಟ್ ಎತ್ತಿದ. ಏನನ್ನೂ ಹುಡುಕಲಿಲ್ಲ, ಸುಮ್ಮನೆ ನಿಂತ. ಅದನ್ನು ಕಂಡು ಅವಳ ಸಿಟ್ಟು ಇನ್ನೂ ಏರಿತು.

"ಎಂತ ನೋಡುವುದು? ಕಾರ್ಬನ್ನಾ?"

"ಅಲ್ಲ. ಕಾರ್ಬನ್ ನಾನೇ ಬಂದು ಕೆರೆದು ಕೊಟ್ಟಿದ್ದೇನೆ, ಹೋದ ವರ್ಷ."

"ಪ್ಲಗ್ಗಾ? ಟೈಮಿಂಗಾ? ಪೆಟ್ರೋಲಾ?"

"ಎಲ್ಲ ಸರಿ ಉಂಟು ಬಾಯಮ್ಮ." ಸುಜನ್ ತಲೆ ಕೆರೆದುಕೊಂಡ. "ಕೀ ತೆಗೆದರೆ ಪ್ಲಗ್ಗಿನ ಕಿಡಿ ಮಾತ್ರ ನಿಲ್ಲುವುದು. ಎಂಜಿನಿನ ಒಳಗೆ ಕೆಂಡದ ಹಾಗೆ ಕಾದಿರ್ತದೆ. ಆಗ ಪೆಟ್ರೋಲು, ಗಾಳಿ ಒಳಗೆ ಹೋದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ತದೆ. ಅದಕ್ಕೆ ಕಾರ್ಬೊರೇಟರಿನ ಬಾಗಿಲು ಮುಚ್ಚಬೇಕು. ಇದರದ್ದು ಪೂರ್ತಿ ಮುಚ್ಚುವುದಿಲ್ಲ. ಈ ಸ್ಕ್ರೂ ಅದನ್ನು ಸ್ವಲ್ಪ ತೆರೆದೇ ಇಟ್ಟಿದೆ. ಐಡ್ಲಿಂಗ್ ಸ್ಕ್ರೂ. ಬೇಕಾದ್ದಕ್ಕಿಂತ ಒಂದೂವರೆ ಸುತ್ತು ಜಾಸ್ತಿ ತಿರುಗಿಸಿದ್ದಾರೆ."

"ಒಂದೂವರೆ ಸುತ್ತು?"

"ಅಷ್ಟೇ."

"ನಿನಗೆ ಯಾವಾಗ ಗೊತ್ತಾಯಿತು ಇದು?"

ಸುಜನ್ ನೆಲ ನೋಡಿದ. "ಹದಿನೈದು ವರ್ಷ ಆಯಿತು. ಒಂದು ದಿನ ನಮ್ಮ ಧನಿ ಪೊರ್ಬುಗಳು ಊಟಕ್ಕೆ ಹೋದಾಗ ಇದಕ್ಕೆ ಕೈ ಹಾಕಲು ಹೋಗಿದ್ದೆ. ಅಷ್ಟರಲ್ಲಿ ಬಂದರು. 'ಆ ಸ್ಕ್ರೂ ಮುಟ್ಟಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ' ಹೇಳಿದರು. ಅವರು ನನಗೆ ಬೈದದ್ದು ಅದೊಂದೇ ಸಲ. ಯಾಕೆ ಹೇಳಿ ಕೇಳಲಿಕ್ಕೆ ನನಗೆ ಧೈರ್ಯ ಬರಲಿಲ್ಲ."

ಜೆರ್ಟ್ರೂಡ್ ಬಗ್ಗಿ ನೋಡಿದಳು. ಎಣ್ಣೆ, ಧೂಳು ಹಿಡಿದ ಕಾರ್ಬೊರೇಟರಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ. ಅದರ ತಲೆಯನ್ನೂ ಪಕ್ಕದ ಲೋಹವನ್ನೂ ಸೇರಿಸಿ ಇಟ್ಟ ಒಂದು ಕೆಂಪು ಬೊಟ್ಟು.

"ಅದೆಂತ ಕೆಂಪು?"

"ಸ್ಕ್ರೂ ಅಲುಗಿದರೆ ಗೊತ್ತಾಗಲಿ ಹೇಳಿ ಗುರುತು ಹಾಕುವುದು."

ರೆಶ್ಮಾ ಕೂಡಾ ಬಗ್ಗಿದಳು. "ಅಯ್ಯೋ ದೇವರೇ! ಇದು ನನ್ನ ನೈಲ್ ಪಾಲಿಶ್. ಡಿಗ್ರಿ ಫಸ್ಟ್ ಇಯರಿನಲ್ಲಿ ಕಳೆದುಹೋಯಿತು ಅಂತ ನಾನು ಮನೆಯಿಡೀ ಹುಡುಕಿದ್ದು, ನೆನಪುಂಟಾ? ಉಗುರಿಗೆ ಬಣ್ಣ ಬಳಿಯಲಿಕ್ಕೆ ಕಾಲೇಜಿಗೆ ಹೋಗುವುದಾ ಅಂತ ನೀನು ಬೈದೆ. ಪಪ್ಪ ಅಲ್ಲೇ ಪೇಪರ್ ಓದುತ್ತಾ ಕೂತಿದ್ದರು. ಬಾಯಿ ಬಿಡಲಿಲ್ಲ!"

ಆದರೆ ಜೆರ್ಟ್ರೂಡಳ ಕಿವಿಯಲ್ಲಿ ಒಂದೂವರೆ ಸುತ್ತು ಎಂಬುದಷ್ಟೇ ಗುಂಯ್ಗುಡುತ್ತಿತ್ತು. ಇಪ್ಪತ್ತೆರಡು ವರ್ಷದ ಗೇಲಿ, ತಾನು ಬಾಗಿಲು ದಢಾರನೆ ಹಾಕಿದ್ದು, ಮೊನ್ನೆ ಆಡಿದ ಮಾತು, ಎಲ್ಲವೂ ಒಂದು ಸಣ್ಣ ಸ್ಕ್ರೂವಿನ ಒಂದೂವರೆ ಸುತ್ತಿಗೆ! ಗೊತ್ತಿದ್ದೂ ಸರಿಮಾಡಲಿಲ್ಲ ಈ ಮನುಷ್ಯ!

"ತಿರುಗಿಸು ಅದನ್ನು."

"ಬಾಯಮ್ಮ, ಅವರು ಮುಟ್ಟಬೇಡ ಹೇಳಿದ್ದು..."

"ಅವರು ಎದ್ದು ಬಂದು ಬೈದರೆ ನನಗೆ ಸಂತೋಷ. ತಿರುಗಿಸು ಹೇಳಿದೆ."

ಸುಜನ್ ಸ್ಕ್ರೂಡ್ರೈವರ್ ತಂದು, ಹಣೆಗೊಮ್ಮೆ ಮುಟ್ಟಿಸಿಕೊಂಡು ತಿರುಗಿಸಿದ. ಕೆಂಪು ಬೊಟ್ಟು ಸೀಳಿ ಒಂದರ್ಧ ಮೇಲೆ, ಇನ್ನರ್ಧ ಕೆಳಗೆ ಉಳಿಯಿತು. ಎಂಜಿನ್ ಶುರುಮಾಡಿ ಬಿಸಿಯಾಗಲು ಬಿಟ್ಟು ಕೀ ತೆಗೆದರು. ತಕ್ಷಣ ನಿಂತಿತು. ಅಂಗಳದಲ್ಲಿ ಒಂದು ಕಾಗೆ ಕೂಗಿದ್ದೂ ಕೇಳಿತು.

ಚೆನ್ನಪ್ಪ ಕುರ್ಚಿಯಿಂದ ಎದ್ದೇ ನಿಂತ. "ಅಬ್ಬಾ, ನಿಂತಿತಲ್ಲ!"

ಜೆರ್ಟ್ರೂಡ್ ನೇರ ಒಳಗೆ ಹೋಗಿ ಪೆಟ್ಟಿಗೆಯ ಮೇಲೆ ಬಗ್ಗಿದಳು. ಬಿಳಿ ಕೈಗವಸು ಹಾಕಿದ ಗಂಡನ ಕೈಗಳನ್ನು ನೋಡಿದಳು. ಉಗುರಿನ ಸಂದಿಯ ಕಪ್ಪು ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ್ದಕ್ಕೆ ಅವಳೇ ಹಾಕಿಸಿದ್ದು.

"ಒಂದೂವರೆ ಸುತ್ತು, ಆಯಿತಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಒಂದೂವರೆ ಸುತ್ತು! ಅಷ್ಟು ಮಾಡಲಿಕ್ಕೆ ನಿಮಗೆ ಎಂತ ದಾಡಿ ಆಗಿತ್ತು?"

ಜಪ ಹೇಳುತ್ತಿದ್ದ ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು.

*

ಈ ಇಗರ್ಜಿಗೆ ಒಂದು ಕ್ರಮ ಉಂಟು. ಪೆಟ್ಟಿಗೆ ಯಾವ ವ್ಯಾನಿನಲ್ಲೇ ಬರಲಿ, ಚಡಾವಿನ ಬುಡದಲ್ಲಿ ಇಳಿಸಬೇಕು. ಅಲ್ಲಿಂದ ಗುಡ್ಡೆಯ ಮೇಲಿನ ಇಗರ್ಜಿಯವರೆಗೆ ಹೆಗಲ ಮೇಲೆಯೇ ಹೋಗಬೇಕು. ಅರ್ಧ ದಾರಿಯ ತಿರುವಿನಲ್ಲಿ ಕಲ್ಲಿನ ಶಿಲುಬೆ ಉಂಟು. ಅಲ್ಲಿ ನಿಂತು ಒಂದು ಪ್ರಾರ್ಥನೆ ಮುಗಿಸಿ ಹೆಗಲು ಬದಲಿಸುತ್ತಾರೆ.

ಪೆಟ್ಟಿಗೆಯ ಹಿಂದೆ ಜನ, ಜನರ ಹಿಂದೆ ಪದ್ಮಿನಿ. "ನಾನು ಬಿಡ್ತೇನೆ ಬಾಯಮ್ಮ" ಎಂದು ಸುಜನ್ ಎರಡು ಸಲ ಹೇಳಿದ್ದ. ಜೆರ್ಟ್ರೂಡ್ ಒಪ್ಪಿರಲಿಲ್ಲ. ಈ ಚಡಾವಿನಲ್ಲಿ ಗಂಡಸರ ಕಾರು ಕೆಮ್ಮಿ ನಿಂತದ್ದುಂಟು. ಮೆರ್ವಿನನ ಜೀಪು ಒಮ್ಮೆ ಹಿಂದೆ ಜಾರಿ ಚರಂಡಿಗೆ ಇಳಿದದ್ದುಂಟು. ತನ್ನದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನಿಂತದ್ದಿಲ್ಲ ಎಂದು ಅವಳು ಹೇಳದ ಮದುವೆ ಊಟವೇ ಇರಲಿಲ್ಲ.

ಪಕ್ಕದಲ್ಲಿ ರೆಶ್ಮಾ ಕೂತಿದ್ದಳು. ಚೆನ್ನಪ್ಪ ಮತ್ತು ಸುಜನ್ ಕಾರಿನ ಆಚೀಚೆ ನಡೆಯುತ್ತಿದ್ದರು. ಶಿಲುಬೆಯ ಹತ್ತಿರ ಮೆರವಣಿಗೆ ನಿಂತಿತು, ಅವಳೂ ನಿಲ್ಲಿಸಿದಳು. ಪ್ರಾರ್ಥನೆ ಮುಗಿದು ಪೆಟ್ಟಿಗೆ ಹೊಸ ಹೆಗಲೇರಿ ಮುಂದೆ ಹೋಯಿತು. ಜೆರ್ಟ್ರೂಡ್ ಬ್ರೇಕ್ ಬಿಟ್ಟು, ಎಂದಿನಂತೆ ಕ್ಲಚ್ ಮೆಲ್ಲ ಬಿಟ್ಟಳು.

ಕಾರು ಒಮ್ಮೆ ನಡುಗಿ ಆಫ್ ಆಯಿತು.

ಪುನಃ ಶುರುಮಾಡಿದಳು. ಪುನಃ ಆಫ್. ಮೂರನೇ ಸಲ ಆಫ್ ಆದಾಗ ಕಾರು ಹಿಂದಕ್ಕೆ ಉರುಳತೊಡಗಿತು. ಹ್ಯಾಂಡ್‌ಬ್ರೇಕು ಹೆಸರಿಗೆ ಮಾತ್ರ. ರೆಶ್ಮಾ ಕಿರುಚಿದಳು. ಚೆನ್ನಪ್ಪ ಈ ಪ್ರಾಯದಲ್ಲೂ ಹಾರಿ ಒಂದು ಮುರಕಲ್ಲನ್ನು ಚಕ್ರದ ಅಡಿಗೆ ತಳ್ಳಿದ.

ಮೇಲಿನಿಂದ ಮೆರ್ವಿನ್ ಧಾವಿಸಿ ಬಂದ. "ನಾನು ಹೇಳಿದೆ! ಬೇಡ, ಬೇಡ ಹೇಳಿ ಹತ್ತು ಸಲ ಹೇಳಿದೆ! ಫಾದರ್ ಬಾಗಿಲಲ್ಲಿ ನಿಂತಾಗಿದೆ ಮಾರಾಯ್ರೇ!"

ಸುಜನ್ ಕಿಟಕಿಗೆ ಬಗ್ಗಿ ಅವಳ ಕಾಲುಗಳನ್ನು ನೋಡಿದ. "ಬಾಯಮ್ಮ, ನೀವು ಆಕ್ಸಿಲರೇಟರ್ ಕೊಡುವುದೇ ಇಲ್ಲವಲ್ಲ! ಚಡಾವಿನಲ್ಲಿ ಆಕ್ಸಿಲರೇಟರ್ ಕೊಡದೆ ಕ್ಲಚ್ ಬಿಟ್ಟರೆ ಹೇಗೆ ಹತ್ತುವುದು?"

"ಕೊಡಬೇಕಾ?" ಎಂದಳು ಜೆರ್ಟ್ರೂಡ್. "ಇವರು ಬೇಡ ಹೇಳಿದ್ದು..."

ಅವಳು ಕಿಟಕಿಯಿಂದ ಆಚೆ, ಕಲ್ಲಿನ ಶಿಲುಬೆಯನ್ನೇ ನೋಡುತ್ತಾ ಕೂತಳು.

*

ಇದೇ ಶಿಲುಬೆ, ಇದೇ ತಿರುವು. ಆಗ ಅವಳಿಗೆ ನಲವತ್ನಾಲ್ಕು. ಮದುವೆ, ನಾಮಕರಣಗಳಿಗೆ ಕೇಕ್ ಮಾಡಿ ಕೊಡುತ್ತಿದ್ದಳು. ಆಟೋದವರು ಹೊಂಡಕ್ಕೆ ಹಾಕಿ ಕ್ರೀಮೆಲ್ಲ ಹಾಳುಮಾಡುತ್ತಾರೆಂದು ಕಜೆತಾನನೇ ಕಾರು ಕಲಿಸಿದ್ದ. ಮೂರು ಅಂತಸ್ತಿನ ಮದುವೆ ಕೇಕನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಮೊದಲ ಸಲ ಒಬ್ಬಳೇ ಈ ಚಡಾವು ಹತ್ತಿದಳು. ತಿರುವಿನಲ್ಲಿ ಎದುರಿಗೆ ಬಸ್ಸು. ನಿಲ್ಲಿಸಿ ಪುನಃ ಹೊರಡುವಾಗ ಆಫ್ ಆಯಿತು. ಮತ್ತೆ ಮತ್ತೆ ಆಫ್ ಆಯಿತು. ಕೊನೆಗೆ ಹಿಂದಕ್ಕೆ ಉರುಳಿ ರಸ್ತೆ ಬದಿಯ ಧರೆಗೆ ಗುದ್ದಿ ನಿಂತಾಗ ಕೇಕಿನ ಮೇಲಿನ ಎರಡು ಅಂತಸ್ತು ಹಿಂದಿನ ಸೀಟಿನ ಬೆನ್ನಿಗೆ ಮೆತ್ತಿಕೊಂಡಿತ್ತು. ಇಗರ್ಜಿಯ ಗೇಟಿನಲ್ಲಿ ನಿಂತ ಗಂಡಸರು ಬಿದ್ದು ಬಿದ್ದು ನಕ್ಕರು. ಮದುಮಗಳ ತಾಯಿ ಅತ್ತಳು.

ಮನೆಗೆ ಬಂದು ಕೀಯನ್ನು ಗಂಡನ ಎದುರು ಎಸೆದಿದ್ದಳು. "ಹೆಂಗಸರಿಗೆ ಹೇಳಿದ್ದಲ್ಲವಂತೆ ಇದು. ಎಲ್ಲರೂ ಹೇಳಿದರು. ನಾನಿನ್ನು ಇದನ್ನು ಮುಟ್ಟುವುದಿಲ್ಲ, ಕೇಕೂ ಮಾಡುವುದಿಲ್ಲ." ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಕಜೆತಾನ್ ಬಂದು ಬಾಗಿಲು ಬಡಿದ. ಕೈಗೆ ಪೆಟ್ರೋಲಿನ ವಾಸನೆ. "ಬಾ, ಒಮ್ಮೆ ಹೋಗಿ ಬರುವ."

"ನನಗೆ ಬರುವುದಿಲ್ಲ."

"ಬರ್ತದೆ. ಕ್ಲಚ್ ಮೆಲ್ಲ ಬಿಡು, ಅಷ್ಟೇ. ಬೇರೆ ಎಂತದೂ ಮಾಡಬೇಡ."

ತಿರುವಿನಲ್ಲಿ ಬೇಕೆಂದೇ ನಿಲ್ಲಿಸಲು ಹೇಳಿದ. ಅವಳು ಕ್ಲಚ್ ಮೆಲ್ಲ ಬಿಟ್ಟಳು. ಕಾರು ಗುರ್ ಎಂದು ಸಲೀಸಾಗಿ ಹತ್ತಿತು. ಇನ್ನೊಮ್ಮೆ, ಮತ್ತೊಮ್ಮೆ. ಐದು ಸಲ ಹತ್ತಿಸಿದಳು.

"ನೋಡು," ಎಂದಿದ್ದ ಕಜೆತಾನ್, "ನಿನಗೆ ಬಂತು."

ಮನೆಗೆ ಬಂದು ಕೀ ತೆಗೆದಾಗ ಕಾರು ನಿಂತಿರಲಿಲ್ಲ. ಅದೇ ಮೊದಲು. "ಇದೆಂತ ಹೊಸ ರೋಗ?" ಎಂದು ಅವಳು ಕೇಳಿದ್ದಳು. ಅವನು ಕೈಯೊರೆಸಿಕೊಳ್ಳುತ್ತಾ, ಮುಖ ನೋಡದೆ, "ಪೆಟ್ರೋಲು ಸರಿ ಇಲ್ಲ," ಎಂದಿದ್ದ.

*

"ಬಾಯಮ್ಮ, ಇಳಿಯಿರಿ, ನಾನು ಬಿಡ್ತೇನೆ," ಎಂದ ಸುಜನ್.

"ಬಾನೆಟ್ ತೆಗಿ."

"ಪುನಃ ಎಂತ ಮಮ್ಮಿ!" ಎಂದಳು ರೆಶ್ಮಾ.

"ಸ್ಕ್ರೂ ಮೊದಲು ಹೇಗಿತ್ತೋ ಹಾಗೆ ಮಾಡು, ಸುಜನ್."

"ಆದರೆ ಮೇಲೆ ಹೋಗಿ ಕೀ ತೆಗೆದರೆ... ಎಲ್ಲರೂ ಇದ್ದಾರೆ. ನೀವೇ ಹೇಳಿದ್ದಲ್ವಾ..."

"ನಾನು ನೂರು ಹೇಳ್ತೇನೆ. ನನಗೆ ಬುದ್ಧಿ ಉಂಟಾ?" ಅವಳ ಸ್ವರ ಒಡೆಯಿತು. ಕಣ್ಣಿನಿಂದ ನೀರು ಇಳಿಯಿತು, ನಿನ್ನೆಯಿಂದ ಇಳಿಯದೇ ಇದ್ದದ್ದು. "ನನಗೆ ಬಂತು ಹೇಳಿದರು ಮಾರಾಯ ಇವರು. ನನಗೆ ಬಂತು ಹೇಳಿ ನಾನೂ ಊರಿಡೀ ಹೇಳಿಕೊಂಡು ತಿರುಗಿದೆ. ಅವರು ಬಾಯಿ ಮುಚ್ಚಿ ಕೂತರು. ತಿರುಗಿಸು!"

ಅವಳ ಕಾಲು ಕೊಡದ ಆಕ್ಸಿಲರೇಟರನ್ನು ಇಷ್ಟು ವರ್ಷ ಆ ಸ್ಕ್ರೂ ಕೊಡುತ್ತಿತ್ತೆಂದು ಸುಜನನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬಾನೆಟ್ ಎತ್ತಿದ. ಒಂದೂವರೆ ಸುತ್ತು. ಮೇಲಿನ ಅರ್ಧ ಬೊಟ್ಟು ಮೆಲ್ಲ ಬಂದು ಕೆಳಗಿನ ಅರ್ಧಕ್ಕೆ ಸೇರಿತು. ಚೆನ್ನಪ್ಪ ಕಲ್ಲು ತೆಗೆದ. ಜೆರ್ಟ್ರೂಡ್ ಕ್ಲಚ್ ಮೆಲ್ಲ ಬಿಟ್ಟಳು, ಬೇರೆ ಎಂತದೂ ಮಾಡಲಿಲ್ಲ. ಕಾರು ಗುರ್ ಎಂದು ಚಡಾವು ಹತ್ತಿತು.

ಇಗರ್ಜಿಯ ಎದುರು ಜನ ಇಬ್ಭಾಗವಾಗಿ ದಾರಿ ಬಿಟ್ಟಿದ್ದರು. ಪೆಟ್ಟಿಗೆ ಹೊತ್ತವರು ಮೆಟ್ಟಿಲ ಬುಡದಲ್ಲಿ, ಫಾದರ್ ಪವಿತ್ರ ನೀರು ಹಿಡಿದು ಬಾಗಿಲಲ್ಲಿ. ಮೆಟ್ಟಿಲ ಪಕ್ಕಕ್ಕೆ ಕಾರು ತಂದು ಅವಳು ಕೀ ತೆಗೆದಳು. ಢಗ್, ಢಗ್ಗಢಗ್, ಢಗ್. ಯಾರೋ ಎಳೆಯರು ಕಿಸಕ್ಕೆಂದರು. ಅಭ್ಯಾಸದಂತೆ ಅವಳ ಎಡಗಾಲು ಕ್ಲಚ್ಚಿಗೆ ಹೋಯಿತು, ಕೈ ಗೇರಿಗೆ ಹೋಯಿತು. ಆಮೇಲೆ ಎರಡನ್ನೂ ಹಿಂದೆಗೆದುಕೊಂಡು, ಬಾಗಿಲು ತೆರೆದು ಇಳಿದಳು. ಈ ಸಲ ಬಾಗಿಲನ್ನು ದಢಾರನೆ ಹಾಕಲಿಲ್ಲ.

"ಬಾಯಿ, ನಿಲ್ಲಿಸಿ ಅದನ್ನು," ಮೆರ್ವಿನ್ ಹಲ್ಲು ಕಚ್ಚಿ ಹೇಳಿದ. "ಗೇರಿಗೆ ಹಾಕಿ ನಿಲ್ಲಿಸಿ. ಫಾದರ್ ಕಾಯ್ತಾ ಇದ್ದಾರೆ."

"ತಾನಾಗಿ ನಿಲ್ತದೆ."

"ಯಾವಾಗ?"

"ಅದರ ಮನಸ್ಸು ಬಂದಾಗ. ಅಲ್ಲಿಯವರೆಗೆ ಅವರನ್ನು ಒಳಗೆ ತಕ್ಕೊಂಡು ಹೋಗಬೇಡಿ."

ಚೆನ್ನಪ್ಪ ಟವೆಲನ್ನು ತಲೆಯಿಂದ ಇಳಿಸಿದ. ಫಾದರ್ ತೆರೆದಿದ್ದ ಪುಸ್ತಕವನ್ನು ಬೆರಳಿಟ್ಟು ಮುಚ್ಚಿದರು. ಪೆಟ್ಟಿಗೆ ಹೊತ್ತ ಆರು ಜನ ಭಾರವನ್ನು ಹೆಗಲಲ್ಲಿ ಸರಿಮಾಡಿಕೊಂಡು ನಿಂತರು. ಕಾರು ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ಮತ್ತೊಮ್ಮೆ ಢಗ್ ಎನ್ನುತ್ತಿತ್ತು. ಜೆರ್ಟ್ರೂಡ್ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಅದರ ಪಕ್ಕದಲ್ಲೇ ನಿಂತಿದ್ದಳು. ಕಪ್ಪು ಸೀರೆಯ ಅಂಚಿ‌ನ ಕೆಳಗೆ ಅವಳ ಎಡಗಾಲು ಅಂಗಳದ ಕೆಂಪು ಮಣ್ಣನ್ನು ಕ್ಲಚ್ಚಿನಂತೆ ಗಟ್ಟಿಯಾಗಿ ಒತ್ತಿ ಹಿಡಿದಿತ್ತು, ಅವಳು ಅದನ್ನು ಎತ್ತಲಿಲ್ಲ.